ಹಳೆಯ ಪಿಯಾನೋ ಬಿಚ್ಚುವುದು ಹೇಗೆ: ಮರ, ತಂತಿ, ಫೆಲ್ಟ್, ಹಿತ್ತಾಳೆ ಯಾವುದೂ ಹಾಳಾಗದಂತೆ

ಮುಂಬೈಯ ಬಾಂದ್ರಾ, ಮಾಹಿಮ್, ಗಿರ್ಗಾಂವ್ ಕಡೆಯ ಹಳೆಯ ಮನೆಗಳಲ್ಲಿ, ದಾದರ್ ಪಾರ್ಸಿ ಕಾಲೊನಿಯಲ್ಲಿ ಇನ್ನೂ ಎಷ್ಟೋ ಪಿಯಾನೋಗಳು ಗೋಡೆಗೆ ಒರಗಿ ನಿಂತಿವೆ. ನುಡಿಸುತ್ತಿದ್ದ ಅಜ್ಜಿ ಈಗಿಲ್ಲ, ಮಕ್ಕಳು ಕೆನಡಾದಲ್ಲೋ ದುಬೈಯಲ್ಲೋ ಇದ್ದಾರೆ, ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ. ಹೊಸ ಫ್ಲ್ಯಾಟ್‌ನಲ್ಲಿ ಇಷ್ಟು ದೊಡ್ಡ ವಸ್ತುವಿಗೆ ಜಾಗ ಎಲ್ಲಿ? ಕೊನೆಗೆ ಗುಜರಿ ಕೊಳ್ಳುವ ಭಂಗಾರ್‌ವಾಲಾನಿಗೆ ಫೋನ್ ಹೋಗುತ್ತದೆ. ಅವನು ದೊಡ್ಡ ಸುತ್ತಿಗೆ ತಂದು ಒಡೆಯುತ್ತಾನೆ, ಒಳಗಿನ ಬೀಡು ಕಬ್ಬಿಣವನ್ನು ತೂಕ ಹಾಕಿ ಒಯ್ಯುತ್ತಾನೆ, ಮರ ಸೌದೆಗೆ ಹೋಗುತ್ತದೆ.

ಅವನದು ತೂಕದ ಲೆಕ್ಕ, ಅದನ್ನು ತಪ್ಪೆನ್ನಲಾರೆ. ಆದರೆ ಮರದ ಕೆಲಸ ಮಾಡುವ ನನ್ನಂಥವರಿಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಯುರೋಪಿನ ಚಳಿ ಗುಡ್ಡಗಳಲ್ಲಿ ನಿಧಾನವಾಗಿ ಬೆಳೆದ ಸ್ಪ್ರೂಸ್ ಮರ, ಅದೂ ನೂರು ವರ್ಷ ನೆರಳಲ್ಲಿ ಒಣಗಿದ್ದು, ಇವತ್ತು ಯಾವ ಟಿಂಬರ್ ಮಾರ್ಟ್‌ಗೆ ಹೋದರೂ ಸಿಗುವುದಿಲ್ಲ. ದಪ್ಪ ಉಣ್ಣೆಯ ಫೆಲ್ಟ್, ಹಿತ್ತಾಳೆಯ ಪೆಡಲ್ಲು, ತಾಮ್ರ ಸುತ್ತಿದ ತಂತಿ, ಬೀಚ್ ಮತ್ತು ಮೇಪಲ್‌ನಂಥ ಗಟ್ಟಿ ಮರ ಎಲ್ಲ ಒಂದೇ ಪೆಟ್ಟಿಗೆಯಲ್ಲಿವೆ. ಇವನ್ನು ಉಳಿಸಿಕೊಳ್ಳಬೇಕಾದರೆ ಕ್ರಮ ಮುಖ್ಯ. ಕಟ್ಟಿದವರು ಕೊನೆಗೆ ಜೋಡಿಸಿದ್ದನ್ನು ನಾವು ಮೊದಲು ತೆಗೆಯಬೇಕು. ಕ್ರಮ ತಪ್ಪಿದರೆ ಮರವೂ ಹೋಗುತ್ತದೆ, ಕೈಗೂ ಪೆಟ್ಟಾಗುತ್ತದೆ.

ಇಲ್ಲಿ ಹೇಳುತ್ತಿರುವುದು ನೆಟ್ಟಗೆ ನಿಲ್ಲುವ ಅಪ್‌ರೈಟ್ ಪಿಯಾನೋ ಬಗ್ಗೆ ಮಾತ್ರ. ನಮ್ಮ ಕಡೆ ಜಾಸ್ತಿ ಸಿಗುವುದೂ ಅದೇ. ಮೂರು ಕಾಲಿನ ಗ್ರ್ಯಾಂಡ್ ಪಿಯಾನೋ ಸಿಕ್ಕಿದರೆ ಟೆಕ್ನಿಷಿಯನ್ ಜೊತೆಯಲ್ಲಿಲ್ಲದೆ ಕೈ ಹಾಕಬೇಡಿ.

ಬಿಚ್ಚುವ ಮೊದಲು: ಇದು ನಿಜಕ್ಕೂ ಮುಗಿದ ಪಿಯಾನೋ ಹೌದಾ?

ರಿಪೇರಿಯಾಗುವ ವಾದ್ಯವನ್ನು ಬಿಚ್ಚಿ ಹಾಕುವುದು ನನ್ನ ಮಟ್ಟಿಗೆ ಪಾಪ. ಹಾಗಾಗಿ ಮೊದಲು ಒಬ್ಬ ಟ್ಯೂನರ್‌ಗೆ ತೋರಿಸಿ. ಪರಿಚಯದವರು ಯಾರೂ ಇಲ್ಲದಿದ್ದರೆ ಧೋಬಿ ತಲಾವ್‌ನ ಸಂಗೀತದ ಅಂಗಡಿಗಳಲ್ಲಿ ವಿಚಾರಿಸಿ. 1865ರಲ್ಲಿ ಶುರುವಾದ ಫುರ್ಟಾಡೋಸ್‌ನಂಥ ಅಂಗಡಿ ಅಲ್ಲಿದೆ. ಚರ್ಚ್‌ನ ಕ್ವಾಯರ್‌ನವರಿಗೂ ಟ್ಯೂನರ್‌ಗಳು ಗೊತ್ತಿರುತ್ತಾರೆ.

ನೀವೇ ನೋಡಬಹುದಾದ ಕೆಲವು ಗುರುತುಗಳೂ ಇವೆ. ಮೇಲಿನ ಮುಚ್ಚಳ ಎತ್ತಿ ಟಾರ್ಚ್ ಹಾಕಿ. ಬೀಡಿನ ಚೌಕಟ್ಟಿನಲ್ಲಿ ಬಿರುಕು ಕಂಡರೆ ಪಿಯಾನೋ ಮುಗಿಯಿತು ಅಂತಲೇ ಲೆಕ್ಕ. ತಂಬೂರಿಯಲ್ಲಿ ಬಿರಡೆ ಮಾಡುವ ಕೆಲಸವನ್ನು ಇಲ್ಲಿ ಉಕ್ಕಿನ ಪಿನ್ನುಗಳು ಮಾಡುತ್ತವೆ. ಆ ಪಿನ್ನುಗಳು ಒಂದಿಷ್ಟೂ ಹಿಡಿತವಿಲ್ಲದೆ ತಿರುಗಿದರೆ ಅವು ಕೂತ ಮರ ಸೋತಿದೆ ಎಂದರ್ಥ. ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳ ಮುಂದೆ ಪಂಜರದ ಹಾಗೆ ಸಾಲು ತಂತಿಗಳು ಕಂಡರೆ ಅದು ಹಳೆಯ ಇಂಗ್ಲಿಷ್ ಮಾದರಿ, ನಾದ ತಡೆಯುವ ಡ್ಯಾಂಪರ್‌ಗಳು ಸುತ್ತಿಗೆಯ ಮೇಲ್ಗಡೆ ಇರುವಂಥದ್ದು. ಅದನ್ನು ದುರಸ್ತಿ ಮಾಡಲು ಟೆಕ್ನಿಷಿಯನ್‌ಗಳು ಹೆಚ್ಚಾಗಿ ಒಪ್ಪುವುದಿಲ್ಲ. ತಂತಿಗಳ ಹಿಂದೆ ನಾದ ತುಂಬುವ ಅಗಲ ಮರದ ಹಲಗೆಯಲ್ಲಿ, ಅಂದರೆ ಸೌಂಡ್‌ಬೋರ್ಡ್‌ನಲ್ಲಿ ಬಿರುಕಿದೆ ಎಂಬ ಒಂದೇ ಕಾರಣಕ್ಕೆ ಮಾತ್ರ ಪಿಯಾನೋವನ್ನು ಕೈಬಿಡಬೇಡಿ. ಬಿರುಕು ಬಿಟ್ಟ ಬೋರ್ಡ್‌ನಲ್ಲೇ ಚೆನ್ನಾಗಿ ನುಡಿಯುವ ಪಿಯಾನೋಗಳು ಬೇಕಾದಷ್ಟಿವೆ.

ಮನೆಯವರಿಂದ ಒಂದು ಚೀಟಿ ಬರೆಸಿಕೊಳ್ಳಿ: ಇದನ್ನು ಇಂಥವರಿಗೆ ಇಂಥ ದಿನ ಕೊಟ್ಟಿದ್ದೇವೆ ಅಂತ. ಸೊಸೈಟಿ ಗೇಟಿನಲ್ಲಿ ವಾಚ್‌ಮನ್ ಕೇಳುವುದು ಅದನ್ನೇ. ಕೀಗಳ ಮೇಲೆ ಮುಚ್ಚುವ ಪಟ್ಟಿಯಲ್ಲಿ ತಯಾರಕರ ಹೆಸರು ಇರುತ್ತದೆ. ಆ ಪಟ್ಟಿ ಅವರಿಗೆ ನೆನಪಿಗೆ ಬೇಕಾ ಅಂತಲೂ ಕೇಳಿ. ಎಷ್ಟೋ ಜನ ಆ ಹೊತ್ತಿನಲ್ಲಿ ಸಂಕೋಚಪಟ್ಟು ಬಾಯಿ ಬಿಡುವುದಿಲ್ಲ, ನಾವು ಕೇಳಿದರೆ ಕಣ್ಣು ತುಂಬಿಕೊಂಡು ತೆಗೆದುಕೊಳ್ಳುತ್ತಾರೆ.

ಜಾಗ, ಜನ, ಕಾಲ

ಅಪ್‌ರೈಟ್ ಪಿಯಾನೋ ಸುಮಾರು 200ರಿಂದ 300 ಕಿಲೋ ತೂಗುತ್ತದೆ. ಆರು ಜನರ ಲಿಫ್ಟ್‌ನ ತಾಕತ್ತು 408 ಕಿಲೋ, ಅಂದರೆ ತಲೆಗೆ 68 ಕಿಲೋ. ಪಿಯಾನೋ ಜೊತೆ ಮೂವರು ಹಮಾಲರು ಹತ್ತಿದರೆ ಮಿತಿ ಮುಟ್ಟಿದಂತೆಯೇ, ಭಾರದ ಪಿಯಾನೋ ಆದರೆ ದಾಟಿದಂತೆಯೇ. ಸುಮಾರು ಐದು ಅಡಿ ಅಗಲದ ಪೆಟ್ಟಿಗೆ ಎಷ್ಟೋ ಲಿಫ್ಟ್‌ಗಳ ಬಾಗಿಲಲ್ಲಿ ಹಿಡಿಸುವುದೂ ಇಲ್ಲ. ಹಳೆಯ ಚಾಳ್ ಕಟ್ಟಡದ ಮರದ ಮೆಟ್ಟಿಲು ಇನ್ನೂ ಕಷ್ಟ. ಅದಕ್ಕೇ ಮೇಲಿನ ಮಹಡಿಯಲ್ಲಿ ಸಿಕ್ಕಿದ ಪಿಯಾನೋವನ್ನು ಅಲ್ಲೇ ಬಿಚ್ಚಿ ಭಾಗ ಭಾಗವಾಗಿ ಇಳಿಸುವುದು ವಾಸಿ. ಕೆಳಗಿನವರಿಗೆ ಮೊದಲೇ ಹೇಳಿ, ನೆಲಕ್ಕೆ ಹಳೆಯ ಗಾದಿ, ಪ್ಲೈವುಡ್ ಹಾಸಿ.

ಸಣ್ಣ ಕೆಲಸಕ್ಕೆ ಇಬ್ಬರು ಸಾಕು. ಮಲಗಿಸುವಾಗ ಮತ್ತು ಬೀಡಿನ ಚೌಕಟ್ಟು ಎತ್ತುವಾಗ ನಾಲ್ವರು ಬೇಕೇ ಬೇಕು. ಪಿಯಾನೋದ ಭಾರವೆಲ್ಲ ಹಿಂದಕ್ಕೆ ಮತ್ತು ಮೇಲಕ್ಕೆ ಇರುತ್ತದೆ. ಹಿಂದಕ್ಕೆ ವಾಲಿದರೆ ಒಬ್ಬನಿಂದ ತಡೆಯಲು ಆಗುವುದಿಲ್ಲ.

ಕಾಲದ ವಿಷಯಕ್ಕೆ ಬಂದರೆ, ಮುಂಬೈಯಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಾಡಿ. ಮಳೆಗಾಲದಲ್ಲಿ ಮರ ಉಬ್ಬಿ ಕೀಲುಗಳು ಬಿಗಿಯುತ್ತವೆ, ಬಿಚ್ಚಿದ ಉಕ್ಕಿಗೆ ಬೇಗ ತುಕ್ಕು ಹತ್ತುತ್ತದೆ.

ಸಾಮಾನು: ಅಗಲ ಬಾಯಿಯ ಚಪ್ಪಟೆ ಸ್ಕ್ರೂ ಡ್ರೈವರ್‌ಗಳು (ಹಳೆಯ ಪಿಯಾನೋದಲ್ಲಿ ನಾಲ್ಕು ಮೂಲೆಯ ಸ್ಕ್ರೂ ಸಿಗುವುದೇ ಇಲ್ಲ), ಪಾನಾ ಸೆಟ್, ಇಕ್ಕಳ, ಗಟ್ಟಿ ತಂತಿ ಕತ್ತರಿಸುವ ಕಟರ್, ಉಳಿ, ಕೀಸುಳಿ, ಕೈಗರಗಸ, ಸಣ್ಣ ಹಾರೆ, ಅಯಸ್ಕಾಂತ, ಟ್ಯೂನಿಂಗ್ ಲಿವರ್ (ತಂತಿಯ ಪಿನ್ನು ತಿರುಗಿಸುವ ಹಿಡಿ). ಈ ಲಿವರ್ ಇಲ್ಲದೆ ಕೆಲಸ ಶುರು ಮಾಡಬೇಡಿ. ಪಿನ್ನಿನ ತಲೆ ನೋಡಿ ತರಬೇಕು: ಸಾಮಾನ್ಯವಾಗಿ ಚೌಕ ಇರುತ್ತದೆ, ತೀರಾ ಹಳೆಯದರಲ್ಲಿ ಉದ್ದ ಚೌಕ. ಜೊತೆಗೆ ಚರ್ಮದ ಗ್ಲೌಸ್, ಪಕ್ಕದಲ್ಲೂ ಮುಚ್ಚುವ ರಕ್ಷಣಾ ಕನ್ನಡಕ, ಎನ್-95 ಮಾಸ್ಕ್. ಮುಚ್ಚಳವಿರುವ ಡಬ್ಬಿಗಳನ್ನೂ ಒಂದಷ್ಟು ಇಟ್ಟುಕೊಳ್ಳಿ, ಪ್ರತಿ ಭಾಗದ ಸ್ಕ್ರೂ ಬೇರೆ ಬೇರೆ ಇಡುವುದಕ್ಕೆ.

ಹೊರಗಿನ ಹಲಗೆಗಳು

ಇದು ಸುಲಭ. ಮೇಲಿನ ಮುಚ್ಚಳವನ್ನು ಉದ್ದಕ್ಕೂ ಒಂದೇ ಹಿಂಜ್ ಹಿಡಿದಿರುತ್ತದೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಪಿಯಾನೋ ಹಿಂಜ್ ಅಂತ ಕೇಳಿದರೆ ಕೊಡುವುದು ಇದೇ ಜಾತಿಯದ್ದು. ಹಳೆಯದು ಅಪ್ಪಟ ಹಿತ್ತಾಳೆ, ಬಗ್ಗಿಸದೆ ತೆಗೆದಿಡಿ. ಎದುರಿನ ಮೇಲ್ಬಾಗಿಲು ಒಳಗಡೆ ಎರಡು ಪಕ್ಕದಲ್ಲಿ ತಿರುಗಿಸುವ ಮರದ ಬಿಲ್ಲೆಗಳಿಂದ ನಿಂತಿರುತ್ತದೆ. ಬಿಲ್ಲೆ ತಿರುಗಿಸಿ, ನಿಮ್ಮ ಕಡೆ ವಾಲಿಸಿ ಎತ್ತಿದರೆ ಬಂತು. ಕಾಲ ಹತ್ತಿರದ ಕೆಳಬಾಗಿಲಿಗೆ ಕೀಗಳ ಹಲಗೆಯ ಅಡಿಯಲ್ಲಿ ಒಂದು ಉಕ್ಕಿನ ಸ್ಪ್ರಿಂಗ್ ಇರುತ್ತದೆ. ಅದನ್ನು ಮೇಲಕ್ಕೆ ಒತ್ತಿ. ಕೀಗಳ ಮೇಲಿನ ಮುಚ್ಚಳ ಕೆಲವದರಲ್ಲಿ ಸುಮ್ನೆ ಎತ್ತಿದರೆ ಬರುತ್ತದೆ, ಕೆಲವದರಲ್ಲಿ ಪಕ್ಕದ ಸ್ಕ್ರೂ ಬಿಚ್ಚಬೇಕು.

ಕೆಳಬಾಗಿಲು ತೆಗೆದ ಕೂಡಲೇ ಕೈ ಹಾಕಬೇಡಿ. ಇಲಿಗಳಿಗೆ ಪಿಯಾನೋದ ಹೊಟ್ಟೆ ಅಂದರೆ ಬಲು ಇಷ್ಟ. ಬೆಚ್ಚಗಿರುತ್ತದೆ, ಗೂಡಿಗೆ ಫೆಲ್ಟ್ ಬೇರೆ ಸಿಗುತ್ತದೆ. ಇಲಿ ಮೂತ್ರದಿಂದ ಇಲಿ ಜ್ವರ ಹರಡುತ್ತದೆ ಅನ್ನುವುದು ಮುಂಬೈಯವರಿಗೆ ಹೇಳಿಕೊಡಬೇಕಾಗಿಲ್ಲ. ಒಣ ಕಸವನ್ನು ಗುಡಿಸಿ ಧೂಳೆಬ್ಬಿಸುವ ಬದಲು, ಮರದ ನೆಲಕ್ಕೆ ಫಿನಾಯಿಲ್ ನೀರು ಚಿಮುಕಿಸಿ, ನೆನೆದ ಮೇಲೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಗ್ಲೌಸ್, ಮಾಸ್ಕ್ ಇರಲಿ.

ಗೂಡಿನ ಪಕ್ಕದಲ್ಲೇ ಹಳೆಯ ನಾಣ್ಯ, ಪೆನ್ಸಿಲ್, ಸಂಗೀತದ ಹಾಳೆ, ಒಮ್ಮೊಮ್ಮೆ ಫೋಟೋ ಅಥವಾ ಪತ್ರ ಸಿಗುತ್ತದೆ. ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ ಮನೆಯವರಿಗೆ ಕೊಡಿ.

ಆ್ಯಕ್ಷನ್ ಮತ್ತು ಕೀಗಳು

ಸುತ್ತಿಗೆಗಳ ಸಾಲು, ಡ್ಯಾಂಪರ್, ಸನ್ನೆಗಳು ಎಲ್ಲ ಸೇರಿ ಒಂದೇ ತುಂಡಾಗಿ ಬರುತ್ತದೆ. ಇದಕ್ಕೆ ಆ್ಯಕ್ಷನ್ ಎನ್ನುತ್ತಾರೆ. ಮೇಲ್ಗಡೆ ಮೂರೋ ನಾಲ್ಕೋ ಕಡೆ ಗುಬ್ಬಿ ತಲೆಯ ಸ್ಕ್ರೂ ಇರುತ್ತದೆ. ಅವನ್ನು ಬಿಚ್ಚಿ, ಪೆಡಲ್‌ನಿಂದ ಬರುವ ಮರದ ಕೋಲುಗಳನ್ನು ತಪ್ಪಿಸಿ, ಮೇಲ್ಭಾಗವನ್ನು ನಿಮ್ಮ ಕಡೆ ಸ್ವಲ್ಪ ವಾಲಿಸಿ, ಇಬ್ಬರು ಎರಡು ತುದಿ ಹಿಡಿದು ನೇರ ಮೇಲಕ್ಕೆತ್ತಿ. ಸುತ್ತಿಗೆಗಳು ತಂತಿಗೆ ಸಿಕ್ಕಿಕೊಳ್ಳದಂತೆ ನೋಡಿ. ಕೆಳಗಿಡುವಾಗ ಅದರ ಕಾಲುಗಳ ಮೇಲೆ ನಿಲ್ಲಿಸಿ.

ಆ್ಯಕ್ಷನ್‌ನ ಸ್ಥಿತಿ ಚೆನ್ನಾಗಿದ್ದರೆ ಬಿಡಿ ಮಾಡಬೇಡಿ, ಇಡೀ ತುಂಡನ್ನೇ ಟೆಕ್ನಿಷಿಯನ್‌ಗೆ ಕೊಡಿ. ಅದೇ ಕಂಪನಿಯ ಇನ್ನೊಂದು ಪಿಯಾನೋದಲ್ಲಿ ಒಂದು ಸ್ಪ್ರಿಂಗ್ ಮುರಿದಾಗ, ಒಂದು ಸುತ್ತಿಗೆಯ ಕಡ್ಡಿ ತುಂಡಾದಾಗ, ಅವರಿಗೆ ಬೇಕಾಗುವುದು ಇದೇ. ಹೊರದೇಶದಿಂದ ತರಿಸುವ ಬಿಡಿಭಾಗ ಹಳೆಯ ಅಳತೆಗೆ ಸರಿಹೊಂದುವುದು ಅಪರೂಪ.

ಹುಳು ತಿಂದಿದ್ದರೆ ಮಾತ್ರ ಬಿಡಿಸಿ. ಸುತ್ತಿಗೆಯ ಫೆಲ್ಟ್ ಮೂತಿಯ ಹತ್ತಿರ ಕಲ್ಲಿನಷ್ಟು ಗಟ್ಟಿ, ಹೆಗಲ ಹತ್ತಿರ ಮೆತ್ತಗೆ. ಅಕ್ಕಸಾಲಿಗಳು ಪಾಲಿಶ್‌ಗೆ ಫೆಲ್ಟ್ ಬಳಸುತ್ತಾರಲ್ಲ, ಅವರಲ್ಲಿ ಕೇಳಿ ನೋಡಿ. ಡ್ಯಾಂಪರ್‌ಗಳ ಮೆತ್ತನೆ ಫೆಲ್ಟ್ ಹಾರ್ಮೋನಿಯಂ ರಿಪೇರಿಯವರಿಗೆ ಚೆನ್ನಾಗಿ ಒದಗುತ್ತದೆ. ಕೀಗಳ ಕೆಳಗಿನ ಉದ್ದ ಪಟ್ಟಿ, ತಂತಿಗಳ ನಡುವೆ ಹೆಣೆದ ಕೆಂಪು ಪಟ್ಟಿ ಕುರ್ಚಿ ಕಾಲಿಗೆ, ಹೂದಾನಿ ಅಡಿಗೆ ಅಂಟಿಸಲು ಬಹಳ ಒಳ್ಳೆಯದು. ಫೆಲ್ಟ್‌ನಲ್ಲಿ ನುಸಿ ಮೊಟ್ಟೆ ಇರಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ ಡೀಪ್ ಫ್ರೀಜರ್‌ನಲ್ಲಿ ಒಂದೆರಡು ವಾರ ಇಟ್ಟು ಆಮೇಲೆ ಬಳಸಿ.

ಈಗ ಕೀಗಳು. ಹಳೆಯವಲ್ಲಿ 85, ಆಮೇಲಿನವಲ್ಲಿ 88. ಎಡದಿಂದ ಬಲಕ್ಕೆ ಪ್ರತಿ ಕೀಯ ಮೇಲೂ ನಂಬರ್ ಒತ್ತಿರುತ್ತದೆ. ಪಕ್ಕದಿಂದ ಅಲುಗಿಸದೆ ನೇರ ಮೇಲಕ್ಕೆ ಎತ್ತಿ ನಂಬರ್ ಪ್ರಕಾರ ಜೋಡಿಸಿಡಿ. ಕೀ ಎತ್ತಿದ ಜಾಗದಲ್ಲಿ ಪಿನ್ನಿನ ಸುತ್ತ ಫೆಲ್ಟ್‌ನ ಪುಟ್ಟ ಉಂಗುರ, ಅದರಡಿ ತೆಳು ಕಾಗದದ ಉಂಗುರಗಳು ಕಾಣುತ್ತವೆ. ಚಿಮಟದಲ್ಲಿ ತೆಗೆದು ಡಬ್ಬಿಗೆ ಹಾಕಿ, ಟ್ಯೂನರ್‌ಗಳು ಸಂತೋಷವಾಗಿ ತೆಗೆದುಕೊಳ್ಳುತ್ತಾರೆ.

ಬಿಳಿ ಕೀಗಳ ಮೇಲ್ಹೊದಿಕೆ ಏನು ಅನ್ನುವುದನ್ನು ಇಲ್ಲಿ ನಿಂತು ನೋಡಲೇಬೇಕು. ಒಂದು ಕೀಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮುಂದಿನ ಅಗಲ ಭಾಗ ಮತ್ತು ಹಿಂದಿನ ಕಿರಿದಾದ ಬಾಲ ಸೇರುವಲ್ಲಿ ಕೂದಲೆಳೆಯಂಥ ಅಡ್ಡ ಗೆರೆ ಇದೆಯಾ? ಮೈಮೇಲೆ ಸಣ್ಣಗೆ ಅಲೆಯಲೆಯಾದ ಎಳೆಗಳಿವೆಯಾ? ಒಂದೊಂದು ಕೀ ಒಂದೊಂದು ಬಗೆಯ ಹಳದಿಯಾಗಿದೆಯಾ? ಹಾಗಿದ್ದರೆ ಅದು ಆನೆ ದಂತ. ಎಲ್ಲ ಒಂದೇ ಹಳದಿ, ಜೋಡಣೆ ಗೆರೆ ಇಲ್ಲ, ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ ಅಂದರೆ ಸೆಲ್ಯುಲಾಯ್ಡ್. ಬಿಸಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ.

ದಂತ ಎಂದು ಅನುಮಾನ ಬಂದರೂ ಸಾಕು, ಕಿತ್ತು ಮಾರುವ ಯೋಚನೆ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ನಮ್ಮ ದೇಶದಲ್ಲಿ ಆನೆ ದಂತದ ವ್ಯಾಪಾರ ಪೂರ್ತಿ ನಿಷೇಧ. ಎಷ್ಟು ಹಳೆಯದಾದರೂ, ಎಷ್ಟು ತೆಳುವಾದರೂ ಅಷ್ಟೇ. ಕೀಗಳಿಂದ ಬೇರ್ಪಡಿಸದೆ ಹಾಗೇ ಇಟ್ಟು, ಏನು ಮಾಡಬೇಕೆಂದು ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗವನ್ನು ಲಿಖಿತವಾಗಿ ಕೇಳಿ. ಇದನ್ನು ಪಿಯಾನೋ ಒಪ್ಪಿಕೊಳ್ಳುವ ಮೊದಲೇ ನೋಡಿಕೊಂಡರೆ ಮನೆಯವರೇ ಅರ್ಜಿ ಕೊಡಬಹುದು.

ಕರಿ ಕೀಗಳ ವಿಷಯ ಸಲೀಸು. ಕೆಳಗಡೆ ಉಳಿಯಿಂದ ಚೂರು ಕೆರೆಯಿರಿ. ಒಳಗೂ ಕಪ್ಪಿದ್ದರೆ ಎಬೊನಿ, ಕಂದು ಬಂದರೆ ಬೇರೆ ಗಟ್ಟಿ ಮರಕ್ಕೆ ಬಣ್ಣ ಹಾಕಿದ್ದು. ಎಬೊನಿಯ ಈ ಪುಟ್ಟ ತುಂಡುಗಳನ್ನು ವಯೊಲಿನ್, ಗಿಟಾರ್ ರಿಪೇರಿಯವರು ತಂತಿ ಕೂರುವ ಸಣ್ಣ ಪಟ್ಟಿಗೆ, ಗುಂಡಿಗೆ ಬಳಸುತ್ತಾರೆ.

ಕೆಲವು ಕೀಗಳ ಪಕ್ಕದಲ್ಲಿ ಬೂದು ಬಣ್ಣದ ದುಂಡು ಬಿಲ್ಲೆ ಕೂತಿರುತ್ತದೆ. ಅದು ಸೀಸ. ಮೇಲೆ ಬಿಳಿ ಪುಡಿ ಬಂದಿದ್ದರೆ ಮುಟ್ಟಿದ ಕೈ ಬಾಯಿಗೆ ಹೋಗಬಾರದು, ಮಕ್ಕಳ ಕೈಗಂತೂ ಸಿಗಲೇಬಾರದು. ಮನೆಯಲ್ಲಿ ಕರಗಿಸಬೇಡಿ. ಬ್ಯಾಟರಿ ಸೀಸ ಕೊಳ್ಳುವ ಪರವಾನಗಿಯ ರೀಸೈಕ್ಲರ್‌ಗೆ ಕೊಡಿ.

ತಂತಿಗಳು: ಇಲ್ಲಿ ಅವಸರ ಬೇಡ

ಪಿಯಾನೋದಲ್ಲಿ ಸುಮಾರು 230 ತಂತಿಗಳಿವೆ. ಒಂದೊಂದರ ಎಳೆತ 70–80 ಕಿಲೋ ಆಸುಪಾಸು. ಎಲ್ಲ ಸೇರಿದರೆ 15ರಿಂದ 20 ಟನ್. ವರ್ಷಗಟ್ಟಲೆ ಟ್ಯೂನ್ ಮಾಡದ ಪಿಯಾನೋದಲ್ಲಿ ಸ್ವಲ್ಪ ಕಡಿಮೆ ಇರಬಹುದು, ಆದರೂ ಅದು ಟನ್‌ಗಳ ಲೆಕ್ಕವೇ. ಮರದ ಚೌಕಟ್ಟು ಇಷ್ಟನ್ನು ತಡೆಯುವುದಿಲ್ಲ ಅಂತಲೇ ಬೀಡಿನ ಚೌಕಟ್ಟು ಬಂತು. 1825ರಲ್ಲಿ ಬಾಸ್ಟನ್‌ನ ಆಲ್ಫಿಯಸ್ ಬ್ಯಾಬ್‌ಕಾಕ್ ಒಂದೇ ಎರಕದ ಚೌಕಟ್ಟಿಗೆ ಪೇಟೆಂಟ್ ಪಡೆದರು.

ಬಿಗಿದ ತಂತಿಯನ್ನು ಕಟರ್ ಹಾಕಿ ಕತ್ತರಿಸಲೇಬಾರದು. ತುಂಡಾದ ತುದಿ ಚಾಟಿಯಂತೆ ಬೀಸಿ ಮುಖಕ್ಕೆ ಬರುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು: ಒಂದು ಕಡೆಯ ತಂತಿಗಳೆಲ್ಲ ಒಮ್ಮೆಲೇ ಹೋದರೆ ಎಳೆತ ಇನ್ನೊಂದು ಕಡೆಗೆ ವಾಲಿ ಬೀಡು ಸಿಡಿಯಬಹುದು. ಬೀಡು ಬಗ್ಗುವ ಲೋಹವಲ್ಲ, ನೇರವಾಗಿ ಒಡೆಯುತ್ತದೆ. ಹಾಗಾಗಿ ಎಳೆತವನ್ನು ಎಲ್ಲ ಕಡೆ ಸಮನಾಗಿ, ಹಲವು ಸುತ್ತಿನಲ್ಲಿ ಇಳಿಸಬೇಕು.

ಪಿಯಾನೋ ಗೋಡೆಗೆ ಭದ್ರವಾಗಿ ನಿಂತಿರಲಿ. ನೀವು ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲಿ. ಕನ್ನಡಕ, ಗ್ಲೌಸ್ ಹಾಕಿದ್ದೀರಿ ತಾನೇ? ಲಿವರನ್ನು ಪಿನ್ನಿನ ತಲೆಗೆ ಪೂರ್ತಿ ಕೂರಿಸಿ. ಅರ್ಧ ಕೂತರೆ ಜಾರಿ ತಲೆ ಸವೆಯುತ್ತದೆ. ಈಗ ಅಪ್ರದಕ್ಷಿಣವಾಗಿ, ಒಂದೇ ಹದದ ಒತ್ತಡದಲ್ಲಿ ತಿರುಗಿಸಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಮರದೊಳಗಿಂದ ‘ಟಕ್’ ಅಂತ ಒಂದು ಸದ್ದು ಬಂದು ಪಿನ್ ಹಿಡಿತ ಬಿಡುತ್ತದೆ. ಎಡಗೈ ಬೆರಳಲ್ಲಿ ಆ ತಂತಿಯನ್ನು ಮೀಟುತ್ತಿದ್ದರೆ ಸ್ವರ ಜಾರುವುದು ಕಿವಿಗೆ ಗೊತ್ತಾಗುತ್ತದೆ. ಮೊದಲ ಸುತ್ತಿನಲ್ಲಿ ಅಲ್ಲಿಗೇ ನಿಲ್ಲಿಸಿ, ಕಾಲು ಸುತ್ತು ಸಾಕು.

ಮಧ್ಯ ಮತ್ತು ಮೇಲಿನ ಸ್ವರಗಳಿಗೆ ಮೂರು ಮೂರು ತಂತಿ ಇರುತ್ತವೆ. ಮೊದಲ ಸುತ್ತಿನಲ್ಲಿ ಪ್ರತಿ ಮೂರರಲ್ಲಿ ಒಂದನ್ನು ಮಾತ್ರ, ಎಡತುದಿಯಿಂದ ಬಲತುದಿವರೆಗೆ. ಎರಡನೇ ಸುತ್ತಿನಲ್ಲಿ ಎರಡನೆಯದು, ಮತ್ತೆ ಮೂರನೆಯದು. ಹೀಗೆ ಇಡೀ ಪಿಯಾನೋ ಒಮ್ಮೆ ತಗ್ಗಿದ ಮೇಲೆ ಮತ್ತೆ ಮೊದಲಿಂದ ಬನ್ನಿ. ಈ ಸಲ ಅರ್ಧ ಸುತ್ತು. ಮೂರನೇ ಬಾರಿಗೆ ತಂತಿ ಜೋಲು ಬೀಳುತ್ತದೆ. ಎಷ್ಟೋ ಕಡೆ ಒಂದೇ ತಂತಿ ಕೆಳಗಿನ ಗೂಟ ಸುತ್ತಿಕೊಂಡು ಬಂದು ಎರಡು ಪಿನ್ನಿಗೆ ಸೇರಿರುತ್ತದೆ. ಒಂದನ್ನು ಬಿಟ್ಟರೆ ಪಕ್ಕದ್ದೂ ಸ್ವಲ್ಪ ಇಳಿಯುತ್ತದೆ, ಗಾಬರಿಯಾಗಬೇಡಿ. ಇಷ್ಟಕ್ಕೆ ಅರ್ಧ ದಿನ ಹೋದರೂ ಹೋಗಲಿ. ತೋಳು ಸೋತರೆ ಕೂತು ಚಹಾ ಕುಡಿದು ಮತ್ತೆ ಏಳಿ. ದಣಿದ ಕೈಗೆ ಲಿವರ್ ಜಾರುತ್ತದೆ.

ಎಲ್ಲ ಸಡಿಲವಾಯಿತು ಅಂತ ಖಾತ್ರಿಯಾದ ಮೇಲೆ ಪಿನ್ನಿನ ಸುತ್ತಿನಿಂದ ತಂತಿ ಬಿಡಿಸಿ. ತುದಿ ಸೂಜಿಯಂತಿರುತ್ತದೆ. ತೆಗೆದ ಕೂಡಲೇ ಸುರುಳಿ ಸುತ್ತಿ ಟೇಪ್ ಹಾಕಿ. ಹಳೆಯ ತಂತಿಯನ್ನು ಮತ್ತೆ ಪಿಯಾನೋಗೆ ಹಾಕುವ ಹಾಗಿಲ್ಲ, ದಣಿದ ಉಕ್ಕು ತುಂಡಾಗುತ್ತದೆ. ಆದರೆ ಜೇಡಿಮಣ್ಣು ಕತ್ತರಿಸಲು, ಸಣ್ಣ ಸ್ಪ್ರಿಂಗ್ ಮಾಡಲು ಇಂಥ ತಂತಿ ಬೇರೆ ಸಿಗದು. ಎಡಗಡೆಯ ದಪ್ಪ ತಂತಿಗಳಿಗೆ ಸಾಮಾನ್ಯವಾಗಿ ತಾಮ್ರ ಸುತ್ತಿರುತ್ತದೆ. ಚಾಕುವಿನಿಂದ ಕೆರೆದು ನೋಡಿ, ಕೆಂಪು ಬಂದರೆ ತಾಮ್ರ. ಒಳಗೆ ಉಕ್ಕು ಇರುವುದರಿಂದ ಅಯಸ್ಕಾಂತ ಹಿಡಿದರೆ ಏನೂ ಗೊತ್ತಾಗದು. ತಾಮ್ರವನ್ನು ಬಿಡಿಸಿ ಬೇರೆ ಕೊಟ್ಟರೆ ಗುಜರಿಯಲ್ಲಿ ಒಳ್ಳೆಯ ರೇಟು, ಉಕ್ಕಿನ ಜೊತೆ ಕೊಟ್ಟರೆ ಕಡಿಮೆ.

ಪಿನ್ನುಗಳು ಸುಮಾರು 7 ಮಿಲಿಮೀಟರ್ ದಪ್ಪ, ಎರಡು ಇಂಚಿಗಿಂತ ಜಾಸ್ತಿ ಉದ್ದ. ತಿರುಗಿಸಿಯೇ ತೆಗೆಯಬೇಕು, ಎಳೆದರೆ ಮರ ಸೀಳುತ್ತದೆ. ಸ್ವರಮಂಡಲ, ಸಂತೂರ್ ಮಾಡುವವರು ಕೇಳಿದರೆ ದಪ್ಪ ಮೊದಲೇ ತಿಳಿಸಿ, ಅವರ ಪಿನ್ನು ಸಾಮಾನ್ಯವಾಗಿ ಇದಕ್ಕಿಂತ ಸಣ್ಣದು.

ಬೀಡಿನ ಚೌಕಟ್ಟು

ನಾಲ್ವರು ಸೇರಿ ಪಿಯಾನೋವನ್ನು ಬೆನ್ನ ಮೇಲೆ ಮಲಗಿಸಿ, ಅಡಿಗೆ ಎರಡು ಹಳೆಯ ಟೈರ್ ಕೊಡಿ. ಸುತ್ತ ಇರುವ ದೊಡ್ಡ ಸ್ಕ್ರೂಗಳು, ಬೋಲ್ಟ್‌ಗಳನ್ನು ತೆಗೆಯಿರಿ. ಅಲುಗದ ಸ್ಕ್ರೂಗೆ ಡ್ರೈವರ್ ಇಟ್ಟು ತಲೆಗೆ ಸುತ್ತಿಗೆಯಿಂದ ಎರಡು ಏಟು ಕೊಟ್ಟು, ಮೊದಲು ಬಿಗಿಯುವ ದಿಕ್ಕಿಗೆ ಚೂರು ತಿರುಗಿಸಿ ಆಮೇಲೆ ಬಿಚ್ಚಿ. ಚೌಕಟ್ಟನ್ನು ನೇರ ಮೇಲಕ್ಕೆ ಎತ್ತಿ. ಎಲ್ಲೋ ಹಿಡಿದಂತಾದರೆ ಒಂದು ಸ್ಕ್ರೂ ಉಳಿದಿದೆ ಎಂದೇ ಅರ್ಥ, ಹಾರೆ ಹಾಕಬೇಡಿ. ಎಷ್ಟೋ ಸಲ ಅದು ಕುದುರೆಯ (ತಂತಿಗಳು ಹಾದುಹೋಗುವ ಮರದ ಪಟ್ಟಿ) ಹತ್ತಿರ ಧೂಳಿನಡಿ ಅಡಗಿರುತ್ತದೆ.

ಚೌಕಟ್ಟಿನ ಚಿನ್ನದ ಬಣ್ಣ, ಉಬ್ಬಕ್ಷರ ಚೆನ್ನಾಗಿದ್ದರೆ ಗೋಡೆಗೆ ನಿಲ್ಲಿಸಲು ಕೇಳುವವರಿದ್ದಾರೆ. ಇಲ್ಲದಿದ್ದರೆ ಗುಜರಿಗೆ, ಬೀಡಿನ ರೇಟಿಗೆ. ಅವರು ಒಡೆಯುವುದಾದರೆ ಕೆಳಗೆ ಅಂಗಳದಲ್ಲಿ ಒಡೆಯಲಿ. ಚೂರುಗಳು ಗಾಜಿನಂತೆ ಸಿಡಿಯುತ್ತವೆ.

ಸೌಂಡ್‌ಬೋರ್ಡ್

ಇಷ್ಟೆಲ್ಲ ಕಷ್ಟಪಟ್ಟಿದ್ದು ಇದಕ್ಕಾಗಿಯೇ ಅಂತ ನಾನು ಅಂದುಕೊಳ್ಳುತ್ತೇನೆ. ಬೀಡು ಎತ್ತಿದ ಮೇಲೆ ಕಾಣುವ ಅಗಲ ಹಲಗೆ ಸುಮಾರು 8ರಿಂದ 10 ಮಿಲಿಮೀಟರ್ ದಪ್ಪದ ಸ್ಪ್ರೂಸ್. ಪಟ್ಟಿ ಪಟ್ಟಿಯಾಗಿ ಅಂಟಿಸಿ ಮಾಡಿದ್ದು. ಮೇಲೆ ಗಟ್ಟಿ ಮರದ ಕುದುರೆ, ಹಿಂದೆ ಅಡ್ಡಡ್ಡವಾಗಿ ಪಕ್ಕೆಲುಬಿನಂಥ ಕಂಬಿಗಳು. ಅಂಚು ಪೂರ್ತಿ ಚೌಕಟ್ಟಿಗೆ ಸರೇಸಿನಿಂದ ಅಂಟಿದೆ.

ಅಂಚಿನ ಅಂಟು ಬಿಡಿಸಲು ಹೋಗಬೇಡಿ. ಅಯಸ್ಕಾಂತ ಆಡಿಸಿ ಮೊಳೆ, ಸ್ಕ್ರೂ ಎಲ್ಲಿದೆ ನೋಡಿಕೊಂಡು, ಅಂಚಿನಿಂದ ಒಂದು ಇಂಚು ಒಳಗೆ ಗರಗಸ ಹಾಕಿ ಇಡೀ ಹಲಗೆಯನ್ನು ಒಂದೇ ತುಂಡಾಗಿ ಕತ್ತರಿಸಿ ತೆಗೆಯಿರಿ. ಕುದುರೆ ಮತ್ತು ಕಂಬಿಗಳನ್ನು ಆಮೇಲೆ ಮೇಜಿನ ಮೇಲೆ ಇಟ್ಟು ಬಿಡಿಸಬಹುದು. ಕುದುರೆಗೆ ಹಿಂದಿನಿಂದ ಮರದ ಗುಂಡಿಗಳ ಮೂಲಕ ಸ್ಕ್ರೂ ಹಾಕಿರುತ್ತಾರೆ, ಮೊದಲು ಅವನ್ನು ಬಿಚ್ಚಿ.

ಸರೇಸು ಬಿಡುವುದು ಬಿಸಿ ಮತ್ತು ತೇವಕ್ಕೆ. ಒದ್ದೆ ಬಟ್ಟೆ ಹಿಂಡಿ ಜೋಡಣೆಯ ಮೇಲಿಟ್ಟು ಇಸ್ತ್ರಿ ಪೆಟ್ಟಿಗೆ ತಾಗಿಸಿ. ಅಂಟಿನ ವಾಸನೆ ಬರುವ ಹೊತ್ತಿಗೆ ತೆಳು ಅಲಗಿನ ಚಾಕು ತೂರಿಸಿ ನಿಧಾನಕ್ಕೆ ಮುಂದೆ ಒತ್ತಿ. ಮರ ಸೀಳುವ ಸದ್ದು ಬಂದರೆ ನಿಲ್ಲಿಸಿ, ಇನ್ನೊಮ್ಮೆ ಬಿಸಿ ಕೊಡಿ. ಬಿಡಿಸಿದ ತುಂಡುಗಳನ್ನು ಕೂಡಲೇ ಸಮತಟ್ಟಾಗಿಟ್ಟು ಭಾರ ಹೇರಿ ನೆರಳಲ್ಲಿ ಒಣಗಿಸಿ.

ಒಣಗಿದ ತುಂಡೊಂದನ್ನು ಮೇಜಿಗೆ ಬಿಗಿದು, ಹರಿತವಾದ ಕೀಸುಳಿಯನ್ನು ಎಳೆಯ ದಿಕ್ಕಿಗೆ ಒಮ್ಮೆ ಓಡಿಸಿ. ಮೇಲಿನದು ಹಳೆಯ ವಾರ್ನಿಶ್‌ನ ಕಂದು ಪುಡಿ. ಎರಡನೇ ಸಲಕ್ಕೆ ಸುರುಳಿ ಸುರುಳಿಯಾಗಿ ತೆಳು ಹೊಟ್ಟು ಏಳುತ್ತದೆ, ಕೆಳಗೆ ತಿಳಿ ಜೇನಿನ ಬಣ್ಣದ ಮರ ಕಾಣುತ್ತದೆ. ಗೆರೆಗಳು ನೇರ, ಒತ್ತೊತ್ತು, ತುದಿಯಿಂದ ತುದಿಗೆ ಒಂದೇ ಸಮ. ಪಟ್ಟಿಯ ಒಂದು ತುದಿ ಬೆರಳಲ್ಲಿ ತೂಗಾಡಿಸಿ ಮಧ್ಯಕ್ಕೆ ತಟ್ಟಿದರೆ ನಾದ ಬರುತ್ತದೆ. ಪ್ಲೈವುಡ್ ತಟ್ಟಿದರೆ ಬರುವ ‘ದಪ್’ ಅಲ್ಲ. ಉಕುಲೇಲೆಯ ಮುಖಕ್ಕೆ, ಗಿಟಾರ್‌ನ ಒಳಕಂಬಿಗೆ ಈ ಮರ ಹೇಳಿ ಮಾಡಿಸಿದಂತಿದೆ. ಬಿರುಕಿದ್ದ ಜಾಗ ಬಿಟ್ಟು ಉಳಿದದ್ದನ್ನು ಅಗಲವಾದ ಪಟ್ಟಿಗಳಾಗಿ ಇಟ್ಟುಕೊಳ್ಳಿ. ಅಳತೆಗೆ ತುಂಡು ಮಾಡುವುದನ್ನು ವಾದ್ಯ ಮಾಡುವವರಿಗೇ ಬಿಡಿ.

ಪೆಟ್ಟಿಗೆಯ ಮರ, ಹಿತ್ತಾಳೆ

ಪೆಟ್ಟಿಗೆ ಹೊರಗಿನಿಂದ ಮಹಾಗನಿ ಅಥವಾ ಬೀಟೆಯಂತೆ ಕಂಡರೂ ಹೆಚ್ಚಿನವು ಸಾದಾ ಮರದ ಮೇಲೆ ವಿನೀರ್, ಅಂದರೆ ಒಳ್ಳೆಯ ಮರದ ತೆಳು ಪದರ ಅಂಟಿಸಿದ್ದು. ಹಲಗೆಯ ಕತ್ತರಿಸಿದ ಅಂಚು ನೋಡಿದರೆ ಗೊತ್ತಾಗುತ್ತದೆ. ಬಿಸಿ ಸೆಕೆಯ ದೇಶಗಳಿಗೆಂದು ಬ್ರಿಟಿಷ್ ಕಂಪನಿಗಳು ಮಾಡಿದ ಕೆಲವು ಪಿಯಾನೋಗಳು ಮಾತ್ರ ಪೂರ್ತಿ ಗಟ್ಟಿ ಮರದವು, ಕೀಲುಗಳಿಗೆ ಅಂಟಿನ ಜೊತೆ ಹಿತ್ತಾಳೆ ಸ್ಕ್ರೂ ಕೂಡ. ಅಂಥದ್ದು ಸಿಕ್ಕಿದರೆ ನಮ್ಮ ಊರಿನ ಆಚಾರಿಗಳು ಬಿಡುವುದಿಲ್ಲ. ಒಂದು ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಹಾಕಿ ಉಜ್ಜಿ. ಪಾಲಿಶ್ ಕರಗಿ ಅಂಟಂಟಾದರೆ ಅದು ಅರಗಿನ ಪಾಲಿಶ್, ಸ್ಪಿರಿಟ್‌ನಿಂದಲೇ ಎಲ್ಲ ತೆಗೆಯಬಹುದು. ಮರಳು ಕಾಗದ ಹಾಕಿ ವಿನೀರ್ ಸವೆಸಬೇಡಿ.

ಹಿಂದಿನ ದಪ್ಪ ಕಂಬಗಳು ಬೆಂಚಿನ ಕಾಲಿಗೆ, ಪಿನ್ನು ಕೂತಿದ್ದ ಗಟ್ಟಿ ಹಲಗೆ ಕೊಡತಿ ಮಾಡಲು, ಕೆತ್ತನೆಯ ಸಂಗೀತ ಸ್ಟ್ಯಾಂಡ್ ಹಾಗೇ ಇಡಲು. ಹಿಂದೆಯೋ ಅಡಿಯಲ್ಲೋ ಸಣ್ಣ ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹಿಡಿದಿದೆ. ಆ ತುಂಡನ್ನು ಬೇರೆ ಮರದ ಹತ್ತಿರ ಇಡಬೇಡಿ. ಪೆಡಲ್, ಗಾಲಿ, ಮೇಣದಬತ್ತಿಯ ತೋಳು, ಬೀಗ, ಹಿಂಜ್‌ಗಳನ್ನು ಜೋಡಿಯಾಗಿಯೇ ಇಡಿ. ಹಿತ್ತಾಳೆಯನ್ನು ಹೊಳಪು ಬರುವಂತೆ ತಿಕ್ಕಬೇಡಿ. ಚೋರ್ ಬಜಾರ್‌ನ ಮಟನ್ ಸ್ಟ್ರೀಟ್‌ನಲ್ಲಿ ಹಳೆಯ ಸಾಮಾನು ಕೊಳ್ಳುವವರು ಆ ಮಾಸಿದ ಬಣ್ಣವನ್ನೇ ನೋಡುತ್ತಾರೆ. ಬಾಗಿಲು, ಮುಚ್ಚಳಗಳಂಥ ದೊಡ್ಡ ಹಲಗೆಗಳನ್ನು ಜೋಗೇಶ್ವರಿಯ ಓಶಿವಾರಾ ಫರ್ನಿಚರ್ ಮಾರ್ಕೆಟ್‌ನಲ್ಲಿ ಕೇಳಿ ನೋಡಬಹುದು.

ಉಳಿಸಿಕೊಳ್ಳುವ ಸ್ಪ್ರೂಸ್ ಹಲಗೆಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ, ನಡುವೆ ಒಂದೇ ದಪ್ಪದ ಕಡ್ಡಿಗಳನ್ನಿಟ್ಟು ಪೇರಿಸಿ. ಪ್ರತಿ ಹಲಗೆಯ ಮೇಲೂ ಯಾವ ಕಂಪನಿಯ ಪಿಯಾನೋ, ಸೀರಿಯಲ್ ನಂಬರ್ ಎಷ್ಟು ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ, ಮರದ ವಯಸ್ಸು ಕೇಳುವವರಿಗೆ ಅದರಿಂದ ಉತ್ತರ ಸಿಗುತ್ತದೆ. ಪ್ಲಾಸ್ಟಿಕ್ ಸುತ್ತಬೇಡಿ, ಬೂಷ್ಟು ಬರುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ಹಳೆಯ ಹತ್ತಿ ಬಟ್ಟೆ ಹೊದೆಸಿ ಗಾಳಿಯಾಡುವ ಅಟ್ಟಕ್ಕೆ ಸಾಗಿಸಿ, ಗಣೇಶ ಚೌತಿ ಕಳೆದ ಮೇಲೆ ಒಮ್ಮೆ ಮಗುಚಿ ಹಾಕಿ.